ಒಂದು ಕಿವಿ ಹೊರಗೆ

ಕಾಫಿ ಅಂಗಡಿಯವನು ನನ್ನನ್ನು ಹೊರಗೆ ಹಾಕಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಪಾಪ, ಅವನ ಮೇಲೆ ಅಪವಾದ ಬೇಡ. ಒಂದು ದಿನ ಗೋಡೆಯ ಪ್ಲಗ್ಗಿನ ಮೇಲೆ ಅಗಲವಾದ ಟೇಪು ಅಂಟಿಸಿದ. ಮುಂದಿನ ವಾರ ಮೂಲೆಯ ಮೆತ್ತನೆ ಕುರ್ಚಿ ತೆಗೆದು ಮರದ ಸ್ಟೂಲ್ ಇಟ್ಟ. ಆಮೇಲೆ ವೈಫೈ ಪಾಸ್‌ವರ್ಡನ್ನು ಬಿಲ್ಲಿನ ಮೇಲೆ ಅಚ್ಚು ಹಾಕಿಸಿದ, ಅದು ಸರಿಯಾಗಿ ಒಂದು ಗಂಟೆಗೆ ಪ್ರಾಣ ಬಿಡುತ್ತಿತ್ತು. ಒಂದು ಕಾಫಿ ಕುಡಿದು ನಾಲ್ಕು ಗಂಟೆ ಕೂರುವ ಗಿರಾಕಿಗೆ ಇದಕ್ಕಿಂತ ಮರ್ಯಾದೆಯಿಂದ ‘ಎದ್ದು ನಡಿ’ ಎನ್ನಲು ಯಾರಿಂದ ಸಾಧ್ಯ?

ಅದಕ್ಕೂ ಮುಂಚೆ ಗ್ರಂಥಾಲಯಕ್ಕೆ ಹೋಗುತ್ತಿದ್ದೆ. ಅಲ್ಲಿ ಇದ್ದದ್ದೇ ಎರಡು ಪ್ಲಗ್ಗು, ಪರೀಕ್ಷೆಗೆ ಓದುವ ಹುಡುಗಿಯರು ಬಾಗಿಲು ತೆಗೆಯುವ ಮೊದಲೇ ಬಂದು ಎರಡನ್ನೂ ಹಿಡಿದಿರುತ್ತಿದ್ದರು. ಪಾರ್ಕಿನ ಬೆಂಚನ್ನೂ ನೋಡಿದ್ದಾಯಿತು. ಬಿಸಿಲಿಗೆ ಲ್ಯಾಪ್‌ಟಾಪಿನ ಪರದೆಯಲ್ಲಿ ನನ್ನ ಮುಖ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ನಲವತ್ತಾರು ವರ್ಷದ ಆ ಮುಖವನ್ನು ದಿನಕ್ಕೆ ಎಂಟು ಗಂಟೆ ನೋಡುವಷ್ಟು ಗಟ್ಟಿ ಎದೆ ನನ್ನದಲ್ಲ.

ಮನೆಯಲ್ಲೇ ಕೂತು ಮಾಡಬಾರದೇ ಎಂದು ಕೇಳುವವರು ನಮ್ಮತ್ತೆಯನ್ನು ನೋಡಿಲ್ಲ.

ನಮ್ಮದು ಎರಡು ಕೋಣೆಯ ಮನೆ. ಗಂಡ ಬಸ್ ಡ್ರೈವರ್, ಬೆಳಕು ಹರಿಯುವ ಮೊದಲೇ ಹೋಗುತ್ತಾರೆ. ಮಗಳು ಕಾಲೇಜಿಗೆ ಹೋಗುತ್ತಾಳೆ. ಉಳಿಯುವುದು ನಾನು ಮತ್ತು ಅತ್ತೆ. ಎಪ್ಪತ್ತೆಂಟು ವರ್ಷ, ಕಲ್ಲುಗುಂಡಿನಂಥ ಜೀವ. ಟಿವಿಯನ್ನು ಬೀದಿಗೆಲ್ಲ ಕೇಳುವ ಹಾಗೆ ಹಾಕುತ್ತಾರೆ, ಅದನ್ನು ಹೇಗೋ ಸಹಿಸಬಹುದು. ಸಹಿಸಲಾಗದ್ದು ಆ ಕೂಗು. ಗಂಟೆಗೆ ನಾಲ್ಕು ಸಲ ‘ಇವಳೇ...’ ಎಂದು ಹಾಲಿನಿಂದ ಕರೆಯುತ್ತಾರೆ. ಕೈಲಿದ್ದ ಕೆಲಸ ಬಿಟ್ಟು ಎದ್ದು ಹೋಗಿ, “ಏನತ್ತೆ?” ಎನ್ನಬೇಕು.

“ಏನಿಲ್ಲ. ಇದ್ದೀಯಾ ಅಂತ ನೋಡ್ದೆ.”

ಎಲ್ಲಿಗೆ ಹೋಗುತ್ತೇನೆ ನಾನು, ಕಿಟಕಿಯಿಂದ ಹಾರಿ? ವಾಪಸ್ ಬಂದು ಕೂರುವಷ್ಟರಲ್ಲಿ ಎಲ್ಲಿದ್ದೆ ಎಂಬುದೇ ಮರೆತಿರುತ್ತಿತ್ತು. ನನ್ನ ಕೆಲಸದಲ್ಲಿ ಎಲ್ಲಿದ್ದೆ ಎಂಬುದನ್ನು ಮರೆಯುವಂತಿಲ್ಲ. ಎಲ್ಲೋ ದೂರದ ಆಸ್ಪತ್ರೆಗಳ ಡಾಕ್ಟರುಗಳು ರೋಗಿಯನ್ನು ನೋಡಿ ಬಂದು ವರದಿಯನ್ನು ಫೋನಿನಲ್ಲಿ ಹೇಳಿ ಹೋಗುತ್ತಾರೆ. ಮೊದಲು ಕಂಪ್ಯೂಟರೇ ಅದನ್ನು ಬರೆಯುತ್ತದೆ. ಅದು ಬಲಗಾಲು ಎಂದದ್ದನ್ನು ಎಡಗಾಲು ಎಂದು ಬರೆದಿರುತ್ತದೆ. ನಾನು ಧ್ವನಿ ಕೇಳಿ ಅದನ್ನು ತಿದ್ದಬೇಕು. ಕಿವಿಗೆ ಹೆಡ್‌ಫೋನ್, ಕಾಲ ಕೆಳಗೊಂದು ಪೆಡಲ್. ಒತ್ತಿದರೆ ಡಾಕ್ಟರು ಮಾತಾಡುತ್ತಾರೆ, ಬಿಟ್ಟರೆ ಬಾಯಿ ಮುಚ್ಚುತ್ತಾರೆ. ನನ್ನ ಜೀವನದಲ್ಲಿ ನನ್ನ ಕಾಲಿಗೆ ಇಷ್ಟು ಬೆಲೆ ಕೊಟ್ಟವರು ಅವರೊಬ್ಬರೇ.

ಮೊದಲು ಇದಕ್ಕೊಂದು ಆಫೀಸಿತ್ತು. ಒಂದು ದಿನ ಅದನ್ನು ಮುಚ್ಚಿ, ಇನ್ನು ಮುಂದೆ ಎಲ್ಲರೂ ಎಲ್ಲಿಂದ ಬೇಕಾದರೂ ಕೆಲಸ ಮಾಡಬಹುದು ಎಂದು ಶುಭ ಸಮಾಚಾರದ ಹಾಗೆ ಪತ್ರ ಕಳಿಸಿದರು. ಎಲ್ಲಿಂದ ಬೇಕಾದರೂ ಅಂದರೆ ಎಲ್ಲೂ ಜಾಗವಿಲ್ಲ ಎಂದರ್ಥ ಅಂತ ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು.

ಆಸ್ಪತ್ರೆ ಸಿಕ್ಕಿದ್ದು ಅತ್ತೆಯ ದಯೆಯಿಂದಲೇ. ಅವರ ಕಣ್ಣು ತೋರಿಸಲು ಹೋಗಿದ್ದೆವು. ಲಿಫ್ಟಿನಲ್ಲಿ ಅವರು ತಪ್ಪು ಗುಂಡಿ ಒತ್ತಿ ಮೂರನೇ ಮಹಡಿಯಲ್ಲಿ ಇಳಿದುಬಿಟ್ಟರು. ಐಸಿಯು ಮುಂದಿನ ಕಾಯುವ ಹಾಲ್ ಅದು. ಸಾಲಾಗಿ ಸ್ಟೀಲ್ ಕುರ್ಚಿಗಳು, ಕಂಬದ ಬುಡದಲ್ಲಿ ಪ್ಲಗ್ಗು, ಕುಡಿಯುವ ನೀರು, ಪುಕ್ಕಟೆ ವೈಫೈ. ಅಲ್ಲಿ ಎಷ್ಟು ಹೊತ್ತು ಕೂತರೂ ಯಾಕೆ ಕೂತಿದ್ದೀಯ ಎಂದು ಯಾರೂ ಕೇಳುವುದಿಲ್ಲ.

“ಎಷ್ಟು ತಣ್ಣಗಿದೆಯೇ ಇಲ್ಲಿ,” ಎಂದರು ಅತ್ತೆ.

ಮಾರನೆಯ ದಿನ ಚೀಲ ಹೆಗಲಿಗೆ ಹಾಕಿಕೊಂಡು ಬಂದು ಕಂಬದ ಪಕ್ಕ ಕೂತೆ.

ಮೂರನೆಯ ದಿನ ಸೆಕ್ಯೂರಿಟಿಯವನು ಕೇಳಿಯೇಬಿಟ್ಟ, “ನೀವು ಯಾರ ಕಡೆಯವರು?”

“ನಮ್ಮತ್ತೆ,” ಎಂದೆ. ದೇವರಾಣೆ, ಯೋಚಿಸಿ ಹೇಳಿದ್ದಲ್ಲ. ಗಂಡನನ್ನಾಗಲಿ ಮಗಳನ್ನಾಗಲಿ ಅಲ್ಲಿ ಮಲಗಿಸಲು ನಾಲಿಗೆ ಹೊರಳಲಿಲ್ಲ. ಅತ್ತೆ ಮಾತ್ರ ಸಲೀಸಾಗಿ ಬಂದರು. ನಾಲ್ಕನೇ ಮಹಡಿಯಲ್ಲಿದ್ದಾರೆ, ಅಲ್ಲಿ ಕೂರಲು ಜಾಗವಿಲ್ಲ ಎಂದೂ ಸೇರಿಸಿದೆ. ಅವನು ತಲೆಯಾಡಿಸಿ ಹೋದ. ಅಂದಿನಿಂದ ದಿನಕ್ಕೆ ಎರಡು ಸಲ ಮೆಟ್ಟಿಲು ಹತ್ತಿ, ಮೇಲಿನ ಕಿಟಕಿಯ ಹತ್ತಿರ ಐದು ನಿಮಿಷ ನಿಂತು ಇಳಿಯುವುದೂ ನನ್ನ ಕೆಲಸಕ್ಕೆ ಸೇರಿತು. ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ, ನನ್ನ ಸುಳ್ಳಿಗೆ ನಾನೇ ಕಾಲು ಕೊಟ್ಟಿದ್ದೆ.

ಕಿತ್ತಳೆಯಮ್ಮ ಬಂದದ್ದು ಅದರ ಮುಂದಿನ ವಾರ. ನಾನಿಟ್ಟ ಹೆಸರು ಅದು. ಸದಾ ಚೀಲದಲ್ಲಿ ಕಿತ್ತಳೆ, ಒಂದನ್ನು ಸುಲಿದರೆ ಅರ್ಧ ಪಕ್ಕದವರಿಗೆ. ಎಪ್ಪತ್ತರ ಮೇಲಿನ ಪುಟ್ಟ ಆಕೃತಿ, ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಅವರ ಯಜಮಾನರು ಹನ್ನೊಂದನೇ ಬೆಡ್ಡಿನಲ್ಲಿದ್ದರು. ಐವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಎದೆಯಲ್ಲಿ ನೀರು ತುಂಬಿ, ಉಸಿರು ಹಿಡಿದು, ತಂದು ಹಾಕಿದ್ದರು. ಮಕ್ಕಳಿಲ್ಲ. ಇವರಿಗೆ ಅವರು, ಅವರಿಗೆ ಇವರು.

ಅವರು ನನ್ನನ್ನು ಮೊದಲ ದಿನವೇ ತಮ್ಮ ಮಗಳನ್ನಾಗಿ ಮಾಡಿಕೊಂಡರು, ನನ್ನ ಪೆಡಲಿನ ಕಾಲು ನೋಡಿ.

“ಪಾಪ, ನಿನ್ನ ಕಾಲು ಒಂದು ಗಳಿಗೆ ಸುಮ್ನಿರಲ್ಲ ನೋಡು. ಎಷ್ಟು ಚಿಂತೆ ಮಾಡ್ತೀಯಮ್ಮ! ಅತ್ತೆಗೋಸ್ಕರ ಹಿಂಗೆ ಕಾಯೋ ಸೊಸೇನ ನಾನು ಈ ಕಣ್ಣಲ್ಲಿ ನೋಡಿಲ್ಲ.”

ಪೆಡಲ್ ಚೀಲದ ಮರೆಯಲ್ಲಿತ್ತು. ನಾನು ತಲೆ ತಗ್ಗಿಸಿದೆ. ಅದನ್ನೂ ಅವರು ವಿನಯ ಎಂದುಕೊಂಡರು.

ಆಮೇಲೆ ಹಾಲಿನಲ್ಲೆಲ್ಲ ನಾನು ಮಾದರಿ ಸೊಸೆ. ಹೊಸದಾಗಿ ಬಂದವರಿಗೆ ಕಿತ್ತಳೆಯಮ್ಮ ನನ್ನನ್ನು ತೋರಿಸಿ, “ಕೆಲಸಾನೂ ಇಲ್ಲಿಗೇ ತಂದ್ಕೊಂಡು ಮಾಡ್ತಾಳೆ, ಅತ್ತೇನ ಬಿಟ್ಟು ಹೋಗಲ್ಲ,” ಎನ್ನುತ್ತಿದ್ದರು. ಬೆಳಿಗ್ಗೆ ಬಂದ ಕೂಡಲೇ, “ನಿಮ್ಮತ್ತೆಗೋಸ್ಕರಾನೂ ಕೈ ಮುಗಿದು ಬಂದೆ,” ಎನ್ನುತ್ತಿದ್ದರು. ನಮ್ಮತ್ತೆ ಅದೇ ಹೊತ್ತಿಗೆ ಮನೆಯಲ್ಲಿ ಕಾಲು ಚಾಚಿ ಬೆಳಗಿನ ಧಾರಾವಾಹಿಯ ಮರುಪ್ರಸಾರ ನೋಡುತ್ತಿದ್ದರು. ನನಗೆ ಒಳಗೊಳಗೇ ನಗುವೂ ಬರುತ್ತಿತ್ತು, ನಾಚಿಕೆಯೂ ಆಗುತ್ತಿತ್ತು. ಯಾವುದಕ್ಕೂ ಪುರುಸೊತ್ತಿರಲಿಲ್ಲ. ದಿನಕ್ಕೆ ಇಷ್ಟು ನಿಮಿಷದ ಧ್ವನಿ ತಿದ್ದಲೇಬೇಕು, ಇಲ್ಲದಿದ್ದರೆ ಕಂಪನಿಯ ಮೇಲಿನವಳಿಂದ ಮೆಸೇಜು. ಸಂಜೆಗೆ ಕಣ್ಣು ಉರಿ, ಬೆನ್ನು ಹಲಗೆ. ಮನೆಗೆ ಹೋದರೆ ‘ಇವಳೇ...’

ಆ ಹಾಲಿಗೆ ಅದರದೇ ಒಂದು ಕಟ್ಟಳೆಯಿತ್ತು. ಯಾರೂ ಬರೆದಿಟ್ಟದ್ದಲ್ಲ. ಊಟಕ್ಕೋ ಸ್ನಾನಕ್ಕೋ ಎದ್ದು ಹೋಗುವವರು ಪಕ್ಕದವರಿಗೆ ಬೆಡ್ ನಂಬರ್ ಹೇಳಿ ಹೋಗಬೇಕು. ಒಳಗಿನಿಂದ ನರ್ಸ್ ಬಂದು ‘ಏಳನೇ ಬೆಡ್ ಕಡೆಯವರು’ ಎಂದು ಕೂಗಿದರೆ, ಒಪ್ಪಿಕೊಂಡವರು ಎದ್ದು ಹೋಗಿ ನಿಲ್ಲಬೇಕು, ಫೋನ್ ಮಾಡಿ ಕರೆಸಬೇಕು. ನರ್ಸ್ ಎರಡು ಸಲ ಕೂಗುತ್ತಾಳೆ, ಮೂರನೆಯ ಸಲ ಕೂಗುವುದಿಲ್ಲ. ಹಾಗಾಗಿ ಆ ಮಾತು ಕೊಟ್ಟವರು ನೀರು ಕುಡಿಯಲೂ ಏಳುತ್ತಿರಲಿಲ್ಲ.

ಒಂದು ಮಂಗಳವಾರ ಮಧ್ಯಾಹ್ನ ಕಿತ್ತಳೆಯಮ್ಮ ನನ್ನ ಮುಂದೆ ನಿಂತರು. ನಾಲ್ಕು ದಿನದಿಂದ ಮನೆಗೆ ಹೋಗಿರಲಿಲ್ಲ ಅವರು.

“ಸ್ನಾನ ಮಾಡಿ, ಬಟ್ಟೆ ಬದಲಾಯಿಸ್ಕೊಂಡು ಬಂದುಬಿಡ್ತೀನಿ. ಐದರೊಳಗೆ ಇಲ್ಲಿರ್ತೀನಿ. ಹನ್ನೊಂದನೇ ಬೆಡ್ಡು. ನೋಡ್ಕೊತೀಯಾ ಮಗಳೇ?”

“ಹೋಗಿ ಬನ್ನಿ ಅಮ್ಮಾ. ಒಂದು ಕಿವಿ ಹೊರಗಿಟ್ಟಿರ್ತೀನಿ,” ಎಂದು ಹೆಡ್‌ಫೋನಿನ ಎಡಬದಿಯನ್ನು ಕಿವಿಯ ಹಿಂದಕ್ಕೆ ಸರಿಸಿ ತೋರಿಸಿದೆ. ಅವರು ನನ್ನ ಗಲ್ಲ ಸವರಿ ಹೋದರು.

ನಾಲ್ಕು ಗಂಟೆಯವರೆಗೆ ಹಾಗೇ ಇದ್ದೆ. ಆಮೇಲೆ ಒಂದು ಅರ್ಜೆಂಟ್ ಫೈಲ್ ಬಂತು. ನಮ್ಮಲ್ಲಿ ಎಲ್ಲರೂ ಹೆದರುವ ಡಾಕ್ಟರು, ಬಾಯಲ್ಲಿ ಹತ್ತಿ ಇಟ್ಟುಕೊಂಡವರ ಹಾಗೆ ಮಾತಾಡುತ್ತಾರೆ. ಔಷಧದ ಹೆಸರೊಂದು ಆರು ಸಲ ಕೇಳಿದರೂ ತಿಳಿಯಲಿಲ್ಲ. ಎದುರು ಸಾಲಿನಲ್ಲಿ ಮಗು ಅಳುತ್ತಿತ್ತು. ಒಂದೇ ಒಂದು ಪದ, ಅದು ತಿಳಿದ ಮೇಲೆ ತೆಗೆದುಬಿಡುತ್ತೇನೆ ಎಂದುಕೊಂಡು ಎಡಗಿವಿಯನ್ನೂ ಮುಚ್ಚಿದೆ. ಹೊರಗಿನ ಸದ್ದನ್ನೆಲ್ಲ ನುಂಗುವ ಹೆಡ್‌ಫೋನ್ ಅದು, ಎರಡು ತಿಂಗಳು ಕೈ ಬಿಗಿಹಿಡಿದು ಕೊಂಡದ್ದು. ಅಬ್ಬಾ, ಎಂಥ ನೆಮ್ಮದಿ! ಪ್ರಪಂಚವೇ ದೂರ ಸರಿದ ಹಾಗೆ. ಪದ ತಿಳಿಯಿತು. ಅದರ ಮುಂದಿನ ಪದವೂ ಬಂತು. ತೆಗೆಯಲು ಮರೆತೆ.

ಐದಕ್ಕೆ ಕಿತ್ತಳೆಯಮ್ಮ ಒದ್ದೆ ತಲೆಯಲ್ಲೇ ಓಡಿ ಬಂದರು. “ಕರೆದ್ರಾ?”

“ಇಲ್ಲಮ್ಮ, ಯಾರೂ ಕರೀಲಿಲ್ಲ,” ಎಂದೆ. ಅದನ್ನು ಸತ್ಯವೆಂದೇ ಹೇಳಿದೆ. ಹೆಡ್‌ಫೋನ್ ಆಗ ಕುತ್ತಿಗೆಯಲ್ಲಿತ್ತು.

ಆ ಸಂಜೆ ಹನ್ನೊಂದನೇ ಬೆಡ್ಡಿನ ಅಜ್ಜನ ಗಂಟಲಿಗೆ ಉಸಿರಾಟದ ಕೊಳವೆ ಹಾಕಿ, ಮದ್ದು ಕೊಟ್ಟು ಮಲಗಿಸಿದರು. ಐದು ದಿನ ಹಾಗೇ ಇದ್ದರು. ಆರನೆಯ ದಿನ ಕೊಳವೆ ತೆಗೆದರು, ಇನ್ನು ಉಳಿಯುವುದಿಲ್ಲ ಎಂದು ಎಲ್ಲರೂ ಅಂದುಕೊಂಡಿದ್ದ ಅಜ್ಜ ಎದ್ದು ಕೂತು ನೀರು ಕೇಳಿದರು. ಕಿತ್ತಳೆಯಮ್ಮ ಹಾಲಿನಲ್ಲಿದ್ದವರಿಗೆಲ್ಲ ಇಡೀ ಕಿತ್ತಳೆ ಹಂಚಿದರು, ಸೆಕ್ಯೂರಿಟಿಯವನಿಗೆ ಎರಡು.

ಎರಡು ದಿನ ಕಳೆದ ಮೇಲೆ ಅವರು ನನ್ನ ಪಕ್ಕ ಬಂದು ಕೂತಾಗ ಮುಖದಲ್ಲಿ ಕಳೆಯಿರಲಿಲ್ಲ.

“ಜೀವ ಬಂತು ಅಂದ್ಕೊಂಡ್ರೆ ತಲೆ ಕೆಟ್ಟಿದೆ ಮಗಳೇ ಅವರಿಗೆ. ಒಂದೇ ಜಪ. ಮಂಗಳವಾರ ಏನೋ ಹೇಳೋಕೆ ನಿನ್ನ ಕರೆಸಿದ್ದೆ, ನೀನು ಬರಲಿಲ್ಲ ಅಂತಾರೆ. ನಾಲ್ಕು ಹತ್ತಕ್ಕೆ ನರ್ಸ್ ಹೊರಗೆ ಹೋದಳಂತೆ, ನಾಲ್ಕು ಹದಿಮೂರಕ್ಕೆ ಬಂದು ಯಾರೂ ಇಲ್ಲ ಅಂದಳಂತೆ. ಅಲ್ಲಾ ರೀ, ಅಲ್ಲಿ ಆ ಹುಡುಗಿ ಕಣ್ಣಲ್ಲಿ ಕಣ್ಣಿಟ್ಟು ಕೂತಿದ್ಲು, ಯಾರೂ ಕರೀಲಿಲ್ಲ ಅಂದ್ಲು, ನಿಮಗೆ ಕನಸು ಬಿದ್ದಿದೆ ಅಂತ ಹೇಳ್ದೆ. ಕೇಳಲ್ಲ. ರೇಗ್ತಾರೆ. ಡಾಕ್ಟರೂ ಬರ್ಕೊಂಡ್ರು.”

“ಏನಂತ ಬರ್ಕೊಂಡ್ರು?” ಎಂದೆ.

“ಗೊಂದಲ ಅಂತ. ಔಷಧದಿಂದ ವಯಸ್ಸಾದವರಿಗೆ ಹಂಗೆ ಆಗುತ್ತಂತೆ. ಒಂದೊಂದ್ಸಲ ಹೋಗೋದೇ ಇಲ್ಲವಂತೆ.”

ಅವರು ಒಳಗೆ ಹೋದ ಮೇಲೆ ಕಂಪ್ಯೂಟರಿನಲ್ಲಿ ಆ ಮಂಗಳವಾರದ ಕೆಲಸದ ಪಟ್ಟಿ ತೆಗೆದೆ. ಯಾವ ಫೈಲನ್ನು ಎಷ್ಟು ಹೊತ್ತಿಗೆ ತೆರೆದೆ, ಎಷ್ಟು ಹೊತ್ತಿಗೆ ಮುಚ್ಚಿದೆ ಎಲ್ಲ ಅಲ್ಲಿರುತ್ತದೆ, ನಮ್ಮನ್ನು ಕಾಯಲೆಂದೇ ಇಟ್ಟದ್ದು. ಹತ್ತಿ ಬಾಯಿಯ ಡಾಕ್ಟರನ್ನು ತೆರೆದದ್ದು ನಾಲ್ಕು ಏಳಕ್ಕೆ. ಮುಚ್ಚಿದ್ದು ನಾಲ್ಕು ಮೂವತ್ತೊಂದಕ್ಕೆ. ಅಜ್ಜನ ತಲೆ ಕೆಟ್ಟಿರಲಿಲ್ಲ, ನನ್ನ ಕಿವಿ ಮುಚ್ಚಿತ್ತು.

ಎರಡು ದಿನ ಹೇಳಲಿಲ್ಲ. ಅದನ್ನು ಈಗ ನಿಮ್ಮಿಂದ ಮುಚ್ಚಿಟ್ಟು ಏನು ಪ್ರಯೋಜನ? ಹೇಳಿದರೆ ಮಾದರಿ ಸೊಸೆಯ ಪಟ್ಟ ಹೋಗುತ್ತದೆ, ಕಂಬದ ಪಕ್ಕದ ಜಾಗ ಹೋಗುತ್ತದೆ, ಮತ್ತೆ ಬೀದಿ ಬೀದಿ ಪ್ಲಗ್ಗು ಹುಡುಕಬೇಕು. ಇಷ್ಟು ಸಣ್ಣ ಲೆಕ್ಕ ಹಾಕಿದೆ ನಾನು. ಹೇಗೂ ಅಜ್ಜ ಬದುಕಿದ್ದಾರಲ್ಲ, ನಾಲ್ಕು ದಿನಕ್ಕೆ ಮರೆಯುತ್ತಾರೆ ಎಂದೂ ಸಮಾಧಾನ ಮಾಡಿಕೊಂಡೆ. ಆದರೆ ಆ ‘ಗೊಂದಲ’ ಎಂಬ ಪದ ನನಗೆ ಗೊತ್ತು. ಅದನ್ನು ಎಷ್ಟು ಸಾವಿರ ಸಲ ತಿದ್ದಿದ್ದೇನೋ. ಇವತ್ತು ಒಬ್ಬ ಡಾಕ್ಟರು ಹೇಳಿದ್ದನ್ನು ನಾಳೆ ಬರುವವರು ಹಾಗೇ ನಕಲು ಮಾಡುತ್ತಾರೆ, ನಾಡಿದ್ದು ಬರುವವರು ಅದರ ನಕಲನ್ನು. ಒಂದು ವಾರಕ್ಕೆ ಅದು ರೋಗಿಯ ಹಣೆಬರಹವೇ ಆಗಿರುತ್ತದೆ. ಅವನು ಸರಿಯಾಗಿ ಮಾತಾಡಿದಷ್ಟೂ ಹುಚ್ಚು ಹೆಚ್ಚಾಗಿದೆ ಎನ್ನುತ್ತಾರೆ.

ಮೂರನೆಯ ಬೆಳಿಗ್ಗೆ ಕಿತ್ತಳೆಯಮ್ಮ ಬರಿಗೈಯಲ್ಲಿ ಬಂದರು.

“ಇವತ್ತು ಮನೆಗೆ ಕಳಿಸ್ತಾರೆ ಅಂದ್ಕೊಂಡಿದ್ದೆ. ತಲೆ ಸರಿ ಇಲ್ಲದವರನ್ನ ನೀವೊಬ್ಬರೇ ನೋಡ್ಕೊಳೋಕಾಗಲ್ಲ, ಆರೈಕೆ ಕೇಂದ್ರಕ್ಕೆ ಸೇರಿಸಿ ಅಂತಿದಾರೆ. ಕಾಗದಕ್ಕೆ ಸಹಿ ಹಾಕ್ಬೇಕಂತೆ. ಐವತ್ತೆರಡು ವರ್ಷ ಅಮ್ಮ. ಒಂದಿನ ಬೇರೆ ಇದ್ದವರಲ್ಲ ನಾವು.” ಅವರು ಅಳಲಿಲ್ಲ. ನೆಲಕ್ಕೆ ತಾಗದ ಕಾಲುಗಳನ್ನೇ ನೋಡುತ್ತ ಕೂತರು. “ನಿನ್ನ ಮಾತೊಂದೇ ನನಗೆ ಆಧಾರ. ನೀನಿಲ್ಲದಿದ್ರೆ ನಮ್ಮ ಯಜಮಾನ್ರು ಹೇಳಿದ್ದೇ ನಿಜ ಅಂತ ನಂಬಿಬಿಡ್ತಿದ್ದೆ.”

ನಾನು ಪೆಡಲಿನ ಮೇಲಿಂದ ಕಾಲು ತೆಗೆದೆ.

“ಅಮ್ಮಾ, ಡಾಕ್ಟರ ಹತ್ರ ಹೋಗೋಣ ಬನ್ನಿ,” ಎಂದೆ.

ಡ್ಯೂಟಿ ಡಾಕ್ಟರು ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವಳು, ನಿಂತಲ್ಲೇ ನಿದ್ದೆ ಮಾಡುವವಳ ಹಾಗಿದ್ದಳು. ಲ್ಯಾಪ್‌ಟಾಪ್ ತೆರೆದು ಅವಳ ಮೇಜಿನ ಮೇಲಿಟ್ಟೆ. ಒಂದೇ ಉಸಿರಿಗೆ ಹೇಳಿದೆ.

“ಹನ್ನೊಂದನೇ ಬೆಡ್ಡಿನವರು ಹೇಳ್ತಿರೋದು ಸರಿ. ಅವತ್ತು ನರ್ಸ್ ಕರೆದಿರ್ತಾರೆ. ಕೇಳಿಸ್ಕೋಬೇಕಾದವಳು ನಾನು. ಎರಡು ಕಿವೀನೂ ಮುಚ್ಕೊಂಡು ಕೆಲಸ ಮಾಡ್ತಿದ್ದೆ. ನೋಡಿ, ನಾಲ್ಕು ಏಳರಿಂದ ನಾಲ್ಕು ಮೂವತ್ತೊಂದು. ಅವರಿಗೆ ಗೊಂದಲ ಇಲ್ಲ ಡಾಕ್ಟರೇ. ದಯವಿಟ್ಟು ಆ ಪದ ತೆಗೀರಿ. ಅದು ಒಂದ್ಸಲ ಬಿದ್ರೆ ಹೋಗಲ್ಲ, ನನಗೆ ಗೊತ್ತು, ನಾನು ಅದನ್ನೇ ಟೈಪ್ ಮಾಡಿ ಬದುಕೋಳು.”

ಡಾಕ್ಟರು ಪರದೆ ನೋಡಿದಳು, ಯಾರಿಗೋ ಫೋನ್ ಮಾಡಿದಳು. ಆ ಮಂಗಳವಾರ ಒಂದು ದಿನದ ಮಟ್ಟಿಗೆ ಬೇರೆ ವಾರ್ಡಿನಿಂದ ಬಂದಿದ್ದ ನರ್ಸ್ ಸಿಕ್ಕಳು. ಹೌದು, ಎರಡು ಸಲ ಕೂಗಿದೆ, ಯಾರೂ ಬರಲಿಲ್ಲ ಎಂದಳು. ಇಷ್ಟು ದಿನ ಅವಳನ್ನು ಯಾರೂ ಕೇಳಿರಲಿಲ್ಲ. ಡಾಕ್ಟರು ಒಳಗೆ ಹೋಗಿ ಅಜ್ಜನನ್ನು ಹತ್ತು ನಿಮಿಷ ಪ್ರಶ್ನೆ ಕೇಳಿ ಬಂದು, “ಮನೆಗೇ ಕರ್ಕೊಂಡು ಹೋಗಿ,” ಎಂದಳು.

ಕಿತ್ತಳೆಯಮ್ಮ ಮೊದಲು ಮಾಡಿದ್ದು ನಗು. ಮುಖವೆಲ್ಲ ಅರಳಿ, “ತಲೆ ಸರಿಯಿದೆ! ಅಯ್ಯೋ, ಅವರ ತಲೆ ಸರಿಯಿದೆ!” ಎಂದು ಡಾಕ್ಟರ ಕೈ ಹಿಡಿದುಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು. ನಗು ಮೆಲ್ಲಗೆ ಇಳಿಯಿತು.

“ಅವರಿಗೆ ನಾನು ಎಷ್ಟು ಬೈದೆ ಗೊತ್ತಾ?” ಎಂದರು. “ನಿಮ್ಮ ಮಾತು ನಂಬಿ.”

ಮೂರು ವಾರ ‘ನೀನು’ ಎಂದವರು ‘ನೀವು’ ಎಂದರು. ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಹೇಗೂ ಮಾನ ಹೋಯಿತು, ಉಳಿದದ್ದನ್ನೂ ಹೇಳಿಬಿಟ್ಟೆ. “ಅಮ್ಮಾ, ನಮ್ಮತ್ತೆ ಇಲ್ಲಿಲ್ಲ. ಮನೇಲಿದ್ದಾರೆ. ಚೆನ್ನಾಗಿದ್ದಾರೆ. ನಾನು ಕೂತ್ಕೊಳೋಕೆ ಜಾಗ ಇಲ್ಲದೆ ಬರ್ತಿದ್ದೆ.”

ಅವರಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಯಜಮಾನರ ಬಟ್ಟೆ ಜೋಡಿಸಲು ಒಳಗೆ ಹೋದರು.

ಮಧ್ಯಾಹ್ನ ಗಾಲಿಕುರ್ಚಿ ಹೊರಗೆ ಬಂತು. ನಾನು ಚೀಲ ಕಟ್ಟಿಕೊಂಡು ಲಿಫ್ಟಿನ ಹತ್ತಿರ ನಿಂತಿದ್ದೆ, ಹೋಗಲೂ ಕಾಲು ಬರದೆ. ಅಜ್ಜ ಎಲುಬಿನ ಗೂಡಾಗಿದ್ದರು, ಕಣ್ಣು ಮಾತ್ರ ಚುರುಕು.

“ಇವರೇನಾ?” ಎಂದು ಹೆಂಡತಿಯನ್ನು ಕೇಳಿ, ನನಗೆ, “ನಾಲ್ಕು ಹತ್ತಲ್ಲ, ನಾಲ್ಕು ಹನ್ನೆರಡು. ಒಳಗಿನ ಗಡಿಯಾರ ಎರಡು ನಿಮಿಷ ಹಿಂದೆ ಇದೆ. ಯಾರಿಗೆ ಹೇಳಿದ್ರೂ ಸರಿ ಮಾಡಲ್ಲ,” ಎಂದರು.

“ಕ್ಷಮಿಸಿ ಅಪ್ಪಾಜಿ. ಅವತ್ತು ಅಮ್ಮನಿಗೆ ಏನೋ ಹೇಳ್ಬೇಕಿತ್ತಲ್ವಾ ನೀವು...”

“ಹೇಳ್ಬೇಕಿತ್ತು.” ಅವರು ಕಣ್ಣು ಮುಚ್ಚಿಕೊಂಡರು. “ಸಾಯ್ತೀನಿ ಅಂದ್ಕೊಂಡಾಗ ಹೇಳೋಕೆ ಧೈರ್ಯ ಬಂದಿತ್ತು. ಈಗ ಬಾಯಿ ಬರಲ್ಲ.”

ಕಿತ್ತಳೆಯಮ್ಮ ಅವರ ಹೊದಿಕೆ ಸರಿಮಾಡಿದರು. ಲಿಫ್ಟಿನ ಬಾಗಿಲು ತೆರೆಯಿತು. ಗಾಲಿಕುರ್ಚಿಯನ್ನು ಒಳಗೆ ತಳ್ಳಿ, ತಾವೂ ಒಳಗೆ ನಿಂತು, ನನ್ನನ್ನು ನೋಡಿದರು.

“ನಿಮ್ಮತ್ತೆ ಕರೆದ್ರೆ ಆದ್ರೂ ಕೇಳಿಸ್ಕೊತೀರಾ?”

ಬಾಗಿಲು ಮುಚ್ಚಿತು. ನಾನು ಮೆಟ್ಟಿಲಿಳಿದು ಹೋದೆ.

ಈಗ ಮನೆಯ ಹಿಂದಿನ ಕೋಣೆಯಲ್ಲಿ, ಮಗಳ ಮಂಚದ ಅಂಚಿಗೆ ಕೂತು ಕೆಲಸ ಮಾಡುತ್ತೇನೆ. ಬೆನ್ನಿಗೆ ದಿಂಬು, ಕಾಲಡಿ ಪೆಡಲ್. ಎಡಗಿವಿ ಹೊರಗಿರುತ್ತದೆ, ಅದರಲ್ಲಿ ಟಿವಿಯವರು ದಿನವಿಡೀ ಅಳುತ್ತಾರೆ. ದಿನದ ಲೆಕ್ಕ ಮುಗಿಯುವುದಿಲ್ಲ, ಮೇಲಿನವಳ ಮೆಸೇಜು ತಪ್ಪುವುದಿಲ್ಲ. ಸಿಟ್ಟು ಬರುವುದೂ ನಿಂತಿಲ್ಲ, ಸುಳ್ಳು ಯಾಕೆ ಹೇಳಲಿ.

“ಇವಳೇ...”

ಪೆಡಲ್ ಬಿಡುತ್ತೇನೆ. ಡಾಕ್ಟರು ಅರ್ಧ ಮಾತಿಗೆ ನಿಲ್ಲುತ್ತಾರೆ. ಎದ್ದು ಹಾಲಿಗೆ ಹೋಗುತ್ತೇನೆ.

“ಏನತ್ತೆ?”

“ಏನಿಲ್ಲ. ಇದ್ದೀಯಾ ಅಂತ ನೋಡ್ದೆ.”

“ಇದ್ದೀನತ್ತೆ,” ಎನ್ನುತ್ತೇನೆ.